ಕೆಂಪು ದಾರದ ಹೆಸರು

ಅರಿಶಿನಕುಂಟೆ
19 ಜನವರಿ 2025

ಪ್ರೀತಿಯ ಕೆಂಪರಾಜಣ್ಣನಿಗೆ, ತಂಗಿ ಮುನಿಲಕ್ಷ್ಮಿಯ ನಮಸ್ಕಾರಗಳು.

ನೀನು ಕಳಿಸಿದ ಎಳ್ಳುಬೆಲ್ಲ ತಲುಪಿತು. ವಾರದಿಂದ ನಿನ್ನ ಫೋನ್ ಎತ್ತಿಲ್ಲ, ಬೇಸರಪಡಬೇಡ. ಫೋನಿನಲ್ಲಿ ನನಗೆ ಎಲ್ಲವೂ ಅರ್ಧಕ್ಕೇ ನಿಂತುಹೋಗುತ್ತದೆ. ಅತ್ತಿಗೆಯ ಮಂಡಿನೋವು ಹೇಗಿದೆ?

ಪಕ್ಕದ ಮನೆಯ ಅರ್ಪಿತಳ ಮಗಳು ಸಿಂಚನ ಗೊತ್ತಲ್ಲ, ಆರು ವರ್ಷದವಳು, ಮಾತು ಬಾರದು. ದಸರೆಯಲ್ಲಿ ಅವಳ ಫ್ರಾಕುಗಳ ಕತ್ತಿನ ಒಳಗಡೆ ಬಿಳಿ ಪಟ್ಟಿ ಹೊಲಿದುಕೊಟ್ಟಿದ್ದೆ. ಕೆಂಪು ದಾರದಲ್ಲಿ ಅವಳ ಹೆಸರು, ‘ಮಾತಾಡಲ್ಲ, ಜೋರು ಸದ್ದಿಗೆ ಹೆದರ್ತಾಳೆ’ ಎಂಬ ಮಾತು, ಅವಳಮ್ಮನ ನಂಬರು, ನನ್ನ ನಂಬರು.

ಮೊನ್ನೆ ಸಂಕ್ರಾಂತಿಯ ಹಿಂದಿನ ದಿನ ಬೆಳಗ್ಗೆ ಮಂಜು ಕವಿದು ಹೈವೇಯೇ ಕರಗಿಹೋದಂತಿತ್ತು. ಲಾರಿಗಳ ದೀಪಗಳು ಮಾತ್ರ ನೀರೊಳಗೆ ತೇಲುವ ಹಾಗೆ ಹೋಗುತ್ತಿದ್ದವು. ತಾಯಿ ಮಗಳು ಕೂತಿದ್ದ ಆಟೋಗೆ ಹಿಂದಿನಿಂದ ವ್ಯಾನು ಗುದ್ದಿತು. ಅರ್ಪಿತಳಿಗೆ ಪ್ರಜ್ಞೆ ತಪ್ಪಿತು. ಮಗು ಸೀಟಿನ ಕೆಳಗೆ ತೂರಿಕೊಂಡು, ಮುಟ್ಟಿದವರನ್ನೆಲ್ಲ ಕಚ್ಚುತ್ತಿತ್ತಂತೆ. ಆಂಬುಲೆನ್ಸಿನ ಅಂಬರೀಶ್ ಎನ್ನುವವರು ಬೆನ್ನಿಗೆ ಏಟಾಗಿದೆಯೇ ಎಂದು ಬಗ್ಗಿ ನೋಡಿದಾಗ ಪಟ್ಟಿ ಕಂಡಿದೆ. ಕೂಡಲೇ ನನಗೆ ಫೋನ್ ಮಾಡಿದರು.

ಆಮೇಲೆ ಅವರೇ ಹೇಳಿದರು: “ಓದ್ತಿದ್ದಂಗೇ ಡ್ರೈವರ್‌ಗೆ, ಸೈರನ್ ಆಫ್ ಮಾಡು ಗುರು, ಲೈಟೊಂದೇ ಸಾಕು ಅಂದೆ ಕಣಮ್ಮ. ಸಿಂಚನಾ ಅಂತ ಮೆಲ್ಲಗೆ ಕರೆದೆ. ಬಂದು ತೊಡೆ ಮೇಲೆ ಕೂತ್ಕೊಂಡ್ಬಿಡ್ತು.”

ಆ ಗಾಡಿ ಸದ್ದಿಲ್ಲದೆ, ನೀಲಿ ಬೆಳಕನ್ನು ಮಂಜಿಗೆ ಬಳಿಯುತ್ತ ನೆಲಮಂಗಲಕ್ಕೆ ಹೋಗಿದ್ದನ್ನು ನಾನು ಕಂಡಿಲ್ಲ. ಆದರೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ನಾನು ಆಸ್ಪತ್ರೆ ಸೇರಿದಾಗ ಸಿಂಚನ ಅಂಬರೀಶರ ಬೆರಳು ಹಿಡಿದೇ ನಿದ್ದೆ ಹೋಗಿದ್ದಳು. ಮಧ್ಯಾಹ್ನ ಅರ್ಪಿತ ಕಣ್ಣುಬಿಟ್ಟಳು.

“ಪಾಪು ಎಲ್ಲಕ್ಕಾ?”

“ಇಲ್ಲೇ ಅವ್ಳೆ, ನಿನ್ನ ಕಾಲತ್ರ ಮಲಗವ್ಳೆ” ಎಂದೆ.

ಈಗ ಇಬ್ಬರೂ ಮನೆಗೆ ಬಂದಿದ್ದಾರೆ.

ಅಂಬರೀಶ್ ಅಂದು ಆಸ್ಪತ್ರೆಯಿಂದ ಹೊರಡುವಾಗ, “ಇಂಥ ಮಕ್ಳು, ಮರೆವಿನ ಅಜ್ಜ-ಅಜ್ಜೀರು ಊರಲ್ಲಿ ಎಷ್ಟು ಜನ ಇರಲ್ಲ? ಅವ್ರಿಗೂ ಹೊಲ್ಕೊಡಮ್ಮ. ನಮ್ಗೆ ಅವ್ರು ಯಾರು ಅಂತಾನೇ ತಿಳಿಯಲ್ಲ” ಎಂದರು. ಅಂದಿನಿಂದ ಹೊಲಿಯುತ್ತಲೇ ಇದ್ದೇನೆ. ಮಿಷನ್ ತುಳಿಯುತ್ತ ಕೂತರೆ, ಹೆಸರುಗಳು ಒಂದೊಂದಾಗಿ ಸೂಜಿಯ ಕೆಳಗಿನಿಂದ ಎದ್ದು ತಂತಮ್ಮ ಮನೆಗೆ ನಡೆದುಹೋಗುತ್ತಿವೆ ಅನ್ನಿಸುತ್ತದೆ.

ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಮುನಿಲಕ್ಷ್ಮಿ

ಇನ್ನೊಂದು ಮಾತು: ಅಪ್ಪನಿಗೆ ಮರೆವು ಶುರುವಾದಾಗ ನೀನೇ ಹೇಳಿ ಅವರ ಅಂಗಿಯ ಜೇಬುಗಳ ಮೇಲೆ ಹೆಸರು, ನಂಬರಿನ ಪಟ್ಟಿ ನನ್ನ ಕೈಯಲ್ಲಿ ಹೊಲಿಸಿದ್ದೆ. ಅವರು ಕಳೆದುಹೋದ ದಿನ ತೊಟ್ಟಿದ್ದ ಅಂಗಿಯ ಪಟ್ಟಿ ಒಗೆಯುವಾಗ ಕಿತ್ತುಹೋಗಿತ್ತು ಎಂದು ನಿನಗೆ ಹೇಳಿದ್ದೆ. ಕಿತ್ತುಹೋಗಿರಲಿಲ್ಲ ಅಣ್ಣ. ಅಂದು ನನ್ನ ಮಗಳು ಕೀರ್ತನಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರ ಕಣ್ಣಿಗೆ ಬೀಳಬಾರದೆಂದು ನಾನೇ ಬ್ಲೇಡಿನಲ್ಲಿ ಬಿಚ್ಚಿದೆ. ಅಪ್ಪ ನಾಲ್ಕು ದಿನ ಆಸ್ಪತ್ರೆಯಲ್ಲಿ ‘ಅಪರಿಚಿತ’ನಾಗಿ ಮಲಗಿ, ಹಾಗೆಯೇ ಹೋದರಲ್ಲ, ಅದು ನನ್ನ ಕೈಯಿಂದ ಆದದ್ದು.