ದೂರ ಇಟ್ಟ ತಂಬಿಗಿ

ಬೆಳವಣಕಿ, ೧೯೫೭

ಅವ್ವಾ,

ನೀ ಸತ್ತು ಎರಡು ವರ್ಷ ಆತು. ಆದ್ರೂ ಈ ಸುದ್ದಿ ನಿನಗ ಹೇಳಬೇಕನಿಸಿತು.

ನಮ್ಮತ್ತಿ ಸಿದ್ದಲಿಂಗವ್ವ ಬಚ್ಚಲದಾಗ ಜಾರಿ ಬಿದ್ದು, ನಿನ್ನಂಗ ತೊಡಿ ಎಲುಬು ಮುರಕೊಂಡಿದ್ಲು. ಎಲುಬು ಕೂಡಿದ ಮ್ಯಾಲ ಗದಗಿನ ಡಾಕ್ಟರ್ರು, "ಇನ್ನ ಮಲಗಿಸಬ್ಯಾಡವಾ. ಕಾಲಿಗೆ ಉಸುಕಿನ ಚೀಲ ಕಟ್ಟಿ ಎತ್ತಿಸು, ಬಲ ಬರತೈತಿ. ಬೇಕಾದ್ದನ್ನ ಕೈಗೆ ಕೊಡಬ್ಯಾಡ, ಅವರ ಎದ್ದು ತಗೊಳ್ಳಲಿ" ಅಂದ್ರು.

ನೀರಿನ ತಂಬಿಗಿ ಒಯ್ದು ಪಡಸಾಲಿ ಆ ತುದಿಗೆ ಇಟ್ಟೆ. ಅತ್ತಿ ಬಾಯಿಗೆ ಬಂದಂಗ ಬೈದ್ಲು. ಮಗ್ಗಲ ಮನಿ ನೀಲವ್ವ, "ಹಿರೇರಿಗೆ ಹನಿ ನೀರ ಕೊಡದ ಸೊಸಿ" ಅಂತ ಓಣಿ ತುಂಬ ಹೇಳಿದ್ಲು. ನಾ ಜಗ್ಗಲಿಲ್ಲ.

ಇವತ್ತ ಮುಂಜಾನಿ ರೊಟ್ಟಿ ಬಡಿಯುವಾಗ ಕೋಲಿನ ಸಪ್ಪಳ ಕೇಳಿ ಹಣಿಕಿ ಹಾಕಿದೆ. ಅತ್ತಿ ಒಬ್ಬಾಕಿನ ಎದ್ದು ಹೋಗಿ ತಂಬಿಗಿ ಎತ್ತಿ ಗಟಗಟ ಕುಡಿಯಾಕತ್ತಿದ್ಲು. ನನ್ನ ನೋಡಿ, "ತುಂಬಿ ಅಲ್ಲೇ ಇಡು" ಅಂದ್ಲು.

ನೀ ಬಿದ್ದು ಹಾಸಿಗಿ ಹಿಡಿದಾಗ ನಿನ್ನ ತಂಬಿಗಿ ಕಡೀತನಕ ನಿನ್ನ ತಲಿದಿಂಬಿನ ಮಗ್ಗಲಾಗ ಇತ್ತು. ಅದು ಖಾಲಿ ಆಗಾಕ ನಾ ಬಿಟ್ಟಿರಲಿಲ್ಲ. "ಮಗಳಂದ್ರ ಹಿಂಗಿರಬೇಕ" ಅಂತ ಓಣಿಯವರೆಲ್ಲ ಹೊಗಳತಿದ್ರು.