ನಕ್ಷತ್ರವಿಲ್ಲದ ಚೀಟಿಗಳು

ಮನೆಯ ಮಹಡಿಯಿಂದ,
ಫೆಬ್ರವರಿ ೯, ಸೋಮವಾರ

ಪ್ರೀತಿಯ ಚೂಟಿ,

ಜ್ವರ ಪೂರ್ತಿ ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಪುಸ್ತಕಗಳು ಎಲ್ಲಿಗೂ ಓಡಿಹೋಗುವುದಿಲ್ಲ. ನನ್ನ ಮಂಡಿ ಎಂದಿನಂತೆ ಹಟ ಹಿಡಿದಿದೆ. ನಿನ್ನ ಅಪ್ಪ ಕಿಟಕಿಯ ಚೌಕಟ್ಟಿಗೆ ಬಣ್ಣ ಹಚ್ಚುತ್ತೇನೆಂದು ಹೊರಟು ಗಾಜಿಗೂ ಬಳಿದು ಕೂತಿದ್ದಾನೆ. ಮೂರು ವಾರದಿಂದ ನಿನ್ನ ಫೋನಿಲ್ಲ. ನಾನೇನೂ ದಿನ ಎಣಿಸುತ್ತಿಲ್ಲ, ಕ್ಯಾಲೆಂಡರ್ ಎದುರಿಗೇ ಇದೆ, ಅಷ್ಟೆ.

ಆ ಚೀಟಿಗಳ ವಿಷಯ. ರಜೆಗೆ ಬಂದು ನೀನು ಜ್ವರದಲ್ಲಿ ಮಲಗಿದ್ದಾಗ ಎರಡು ಶೂ ಡಬ್ಬಿ ತೆರೆದು ನೋಡಿದೆ. ಚೀಟಿಗೊಂದು ಪದ, ಸಂಸ್ಕೃತದ್ದು, ಗ್ರೀಕಿನದು, ಲ್ಯಾಟಿನ್ನಿನದು, ಎಲ್ಲವೂ ಮಾಸಿದ ಪೆನ್ಸಿಲ್ಲಿನಲ್ಲಿ. ನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಜನರ ಹುಟ್ಟು ಸಾವು ಬರೆದ ಕೈ ಇದು, ಸುಮ್ಮನಿರುತ್ತದೆಯೇ? ಶುದ್ಧಪ್ರತಿ ಮಾಡುವುದಕ್ಕೆ ಅಲ್ಲಿ ನಿಯಮವಿತ್ತು: ಅಕ್ಷರ ಒಂದೂ ಬಿಡಬಾರದು, ಕಲೆ ಗೀಚು ಒಂದೂ ಇಳಿಸಬಾರದು, ಕೊನೆಗೆ ಹಳೆಯದನ್ನು ಸುಡಬೇಕು. ಒಂಬತ್ತು ದಿನ ಕೂತು ಕಪ್ಪು ಶಾಯಿಯಲ್ಲಿ ಬರೆದೆ. ಕೆಲವು ಪದಗಳ ಮುಂದೆ ನಕ್ಷತ್ರದಂಥ ಗುರುತಿತ್ತು. ಪೆನ್ಸಿಲ್ ಮೊನೆ ನೋಡಲು ಗೀಚಿದ್ದೀಯ ಅಂದುಕೊಂಡೆ. ಹಳೆಯ ಚೀಟಿಗಳನ್ನು ಹಿತ್ತಲಲ್ಲಿ ಸುಟ್ಟು, ಹೊಸವನ್ನು ಅದೇ ಡಬ್ಬಿಗಳಲ್ಲಿ ತುಂಬಿ ನಿನ್ನ ಜೊತೆ ಕಳಿಸಿದೆ. ಆಮೇಲೆ ನೀನು ಫೋನಿನಲ್ಲಿ "ಅಜ್ಜೀ, ನಕ್ಷತ್ರಗಳೆಲ್ಲಿ?" ಅಂದಾಗ "ಆ ಕಸಾನಾ? ಬಿಟ್ಟೆ" ಅಂದೆ. ನೀನು ಫೋನ್ ಇಟ್ಟುಬಿಟ್ಟೆ. ಹಿರಿಯರು ಮಾತಾಡುತ್ತಿರುವಾಗ ಫೋನ್ ಇಡುವುದನ್ನು ಈ ಮನೆಯಲ್ಲಿ ಯಾರು ಕಲಿಸಿದರು ಎಂದು ವಾರವಿಡೀ ಬುಸುಗುಟ್ಟಿದೆ.

ನಿನ್ನೆ ನಿನ್ನ ರೂಮಿನ ಗೆಳತಿ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದಳು. ಆ ಭಾಷೆಗಳಿಗೆಲ್ಲ ತಾಯಿಯಾದ ಒಂದು ಭಾಷೆ ಇತ್ತಂತೆ, ಅದರ ಒಂದಕ್ಷರವನ್ನೂ ಯಾರೂ ಬರೆದಿಟ್ಟಿಲ್ಲವಂತೆ. ಹೆಣ್ಣುಮಕ್ಕಳ ಮೂಗು ನೋಡಿ ಸತ್ತ ತಾಯಿಯ ಮೂಗು ಹೀಗಿದ್ದೀತು ಎನ್ನುವ ಹಾಗೆ ನೀವು ಅದರ ಪದಗಳನ್ನು ಊಹಿಸುತ್ತೀರಿ. ಇದು ಊಹೆ, ಯಾರೂ ಕಿವಿಯಾರೆ ಕೇಳಿದ್ದಲ್ಲ ಎಂದು ಒಪ್ಪಿಕೊಳ್ಳಲು ಮುಂದೊಂದು ನಕ್ಷತ್ರ ಹಾಕುತ್ತೀರಿ. ಅಜ್ಜಿ ಬರೆದದ್ದರಲ್ಲಿ ತಪ್ಪಿರುವುದಿಲ್ಲ ಎಂದು ನೀನು ಡಬ್ಬಿ ತೆರೆಯದೆಯೇ ನಿನ್ನ ಪ್ರೊಫೆಸರ ಮೇಜಿನ ಮೇಲೆ ಇಟ್ಟೆಯಂತೆ. ಊಹೆಯನ್ನು ಸಾಕ್ಷಿಯೆಂದು ತೋರಿಸಿ ಮೋಸ ಮಾಡಿದ್ದೀಯ ಎಂದರಂತೆ ಅವರು. ನಿನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ಶುಕ್ರವಾರ ಸಮಿತಿ ಕೂರುತ್ತದಂತೆ. ಬರೆದವರು ಯಾರು ಎಂದದ್ದಕ್ಕೆ "ನಾನು ಹೇಳಿದ ಹಾಗೇ ಬರೆದಿದ್ದಾರೆ, ತಪ್ಪು ನನ್ನದು" ಎಂದೆಯಂತೆ. ಯಾರು ಕೇಳಿದ್ದರು ನಿನ್ನನ್ನು? ನನ್ನ ತಪ್ಪು ಹೊರಲು ನನಗೇ ಹೆಗಲಿಲ್ಲವೇನೆ? ಆ ಹೊತ್ತಿನಿಂದ ನಾಲ್ಕು ಹಾಳೆ ಬರೆದು ಹರಿದೆ, ಇದು ಐದನೆಯದು. ಈ ಅಕ್ಷರ ಸೊಟ್ಟಗಿರುವುದನ್ನು ಮಂಡಿನೋವಿನ ತಲೆಗೆ ಕಟ್ಟಬೇಡ.

ಅಪ್ಪ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ. ಆರೋಗ್ಯವಾಗಿರು, ಯಾರೆದುರೂ ತಲೆ ತಗ್ಗಿಸದ ಬಾಳು ನಿನ್ನದಾಗಲಿ.

ನಿನ್ನ ಅಜ್ಜಿ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ನಿನ್ನ ಪ್ರೊಫೆಸರಿಗೂ ಇದರ ಜೊತೆಗೇ ಒಂದು ಕಾಗದ ಹೋಗುತ್ತಿದೆ, ಬುಧವಾರ ತಲುಪುತ್ತದೆ. ತಪ್ಪು ನನ್ನದು, ಬೇಕಾದರೆ ಅಕ್ಷರ ಹೋಲಿಸಿ ನೋಡಿ ಎಂದು ಸಹಿ ಹಾಕಿದ್ದೇನೆ. ಜನ್ಮದಲ್ಲಿ ಆ ಮಾತು ಬರೆದದ್ದು ಇದೇ ಮೊದಲು. ಕೊನೆಯ ಸಾಲಿನಲ್ಲಿ "ನನ್ನ ಮೊಮ್ಮಗಳು ನನ್ನನ್ನು ಕ್ಷಮಿಸಿದ್ದಾಳೆ" ಎಂದು ಬರೆದು, ಅದರ ಮುಂದೆ ಒಂದು ನಕ್ಷತ್ರ ಹಾಕಿದ್ದೇನೆ.