ಕೇಳಿದರೆ ಇಲ್ಲ ಎನ್ನಲಾಗದ ಊರು

ನವೆಂಬರ್ ಹನ್ನೊಂದು, ಮಧ್ಯಾಹ್ನ

ಬೌರೊ, ನಿಮಗೆ ಮೌರಿ, ನಮಸ್ಕಾರ.

ರಾಜಧಾನಿ ತರಾವಾದ ನಿಮ್ಮ ಮನೆ ಬಿಟ್ಟು ನಾನು ಈ ದ್ವೀಪಕ್ಕೆ ವಾಪಸು ಬಂದು ಒಂಬತ್ತು ವರ್ಷವಾಯಿತು. ಅಲ್ಲಿಂದೀಚೆಗೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ನೀವು ಸೌಖ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನನಗೆ ಎಡಗಾಲಿನ ಮಂಡಿ ಹಿಡಿದುಕೊಂಡಿದೆ. ನಾಲಿಗೆ ಮಾತ್ರ ಮೊದಲಿನ ಹಾಗೇ ಇದೆ, ಹೆದರಬೇಡಿ.

ಕೊನೆಗೂ ಹಡಗು ಬಂದು ಹವಳದ ದಿಬ್ಬದ ಆಚೆ ನಿಂತಿದೆ. ನಾಳೆ ಭರತದ ನೀರು ಏರಿದಾಗ ಹೊರಡುತ್ತದಂತೆ. ಅಷ್ಟರೊಳಗೆ ನಾನು ನಿಮಗೊಂದು ಕಾಗದ ಬರೆದು ಕೊಡಬೇಕೆಂದು ಹಿರಿಯರು ಸಭಾಮನೆಯಲ್ಲಿ ಸೇರಿ ತೀರ್ಮಾನಿಸಿದ್ದಾರೆ. ಏನು ಬರೆಯಬೇಕೆಂದೂ ಅವರೇ ಹೇಳಿಬಿಟ್ಟಿದ್ದಾರೆ. "ಕಿನಾಯ್, ಜೂನಲ್ಲಿ ಕೊಬ್ಬರಿ ಬೆಲೆ ಇಳಿಸ್ಬೇಡ ಅಂತ ಕೇಳ್ದೆ, ಕೊಟ್ಟ. ಈಗ ಹಡಗು ಕೇಳು. ನಿನ್ ಗಂಡ ಇಲ್ಲ ಅನ್ನೋ ಪೈಕಿ ಅಲ್ಲ," ಎಂದರು ಟೆಕೈಯ ಅಜ್ಜ. ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ?

ಮೊದಲು ಇಲ್ಲಿಯ ಸುದ್ದಿ ಹೇಳಿಬಿಡುತ್ತೇನೆ. ಗೋದಾಮಿನ ಬಾಗಿಲು ತೆಗೆದರೆ ಕಮಟು ವಾಸನೆ ಮೂಗಿಗೆ ಹೊಡೆಯುತ್ತದೆ. ನಾವು ಒಡೆದು, ಒಣಗಿಸಿ, ಚೀಲಕ್ಕೆ ತುಂಬಿದ ಕೊಬ್ಬರಿ ಹಡಗಿಗೆ ಕಾದು ಕಾದು ಬೂಷ್ಟು ಹಿಡಿದಿದೆ. ಕೆಳಗಿನ ಸಾಲಿನ ಚೀಲಗಳನ್ನು ಇಲಿಗಳು ಮುಗಿಸಿವೆ. ಬೆಳಿಗ್ಗೆ ತೂಕದವನು ಬಂದು ಒಂದೊಂದು ಚೀಲಕ್ಕೂ ಕೈಹಾಕಿ, ಮೂಸಿ ನೋಡಿ, ಅರ್ಧಕ್ಕಿಂತ ಹೆಚ್ಚು ಚೀಲಗಳನ್ನು ಪಕ್ಕಕ್ಕೆ ತಳ್ಳಿದ. ಯಾರೂ ಜಗಳ ಆಡಲಿಲ್ಲ. ನೀವು ಇಳಿಸದೆ ಉಳಿಸಿಕೊಟ್ಟ ಸರ್ಕಾರದ ಬೆಲೆಯನ್ನು ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿದ್ದಾರೆ, ಅದು ಒಂದು ಸೆಂಟೂ ಇಳಿದಿಲ್ಲ. ಆ ಬೆಲೆಗೆ ಮಾರಲು ಕೊಬ್ಬರಿ ಇಲ್ಲ, ಅಷ್ಟೇ.

ಯಾರೂ ಉಪವಾಸ ಬಿದ್ದಿಲ್ಲ. ಮೀನಿದೆ, ಕೆಸುವಿನ ಗಡ್ಡೆ ಇದೆ, ಎಳನೀರಿದೆ. ಆದರೆ ಅಕ್ಕಿ ಕಂಡು ಯಾವ ಕಾಲವಾಯಿತೋ. ಸೋಪು, ಸೀಮೆಎಣ್ಣೆ, ಮಕ್ಕಳ ಶಾಲೆಯ ಖರ್ಚು ಗಡ್ಡೆ ಅಗೆದರೆ ಸಿಗುವುದಿಲ್ಲವಲ್ಲ. ಬಾವಿಯ ಹತ್ತಿರ ನಾನು ಹೋದರೆ ಹೆಂಗಸರು ಮಾತು ನಿಲ್ಲಿಸುವುದಿಲ್ಲ, ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಕಿನಾಯಕ್ಕ ತಂದ್ಕೊಟ್ಟ ಬೆಲೆ ತಿಂದು ಇಲಿಗಳು ಹೆಂಗ್ ದಪ್ಪ ಆಗಿವೆ ನೋಡ್ರೇ," ಎಂದು ನನ್ನ ಮುಖ ನೋಡಿಕೊಂಡೇ ಹೇಳುತ್ತಾರೆ. ನಾನು "ನಿನಗಿಂತ ದಪ್ಪ ಇಲ್ಲ ಬಿಡು" ಎಂದು ಕೊಡ ಎತ್ತಿಕೊಂಡು ಬರುತ್ತೇನೆ. ಮನೆಗೆ ಬಂದ ಮೇಲೆ ಅಳು ಬರುತ್ತದೆ.

ನಿಮ್ಮನ್ನು ದೂರುತ್ತಿಲ್ಲ. ಬೆಲೆ ಉಳಿಸುವುದಕ್ಕೆ ದುಡ್ಡು ಬೇಕಿತ್ತು, ಹೊರಗಿನ ದ್ವೀಪಗಳಿಗೆ ಹಡಗು ಓಡಿಸಲು ಇಟ್ಟಿದ್ದ ದುಡ್ಡನ್ನೇ ಅದಕ್ಕೆ ಹಾಕಿದರು ಎಂದು ರೇಡಿಯೊದಲ್ಲಿ ಕೇಳಿದೆವು. ಅದನ್ನು ಕೇಳಿದಾಗ ಜೂನಿನಲ್ಲಿ ಸಭಾಮನೆಯಲ್ಲಿ ನೀವು ಹೇಳಿದ ಮಾತು ನೆನಪಾಯಿತು. "ಸರ್ಕಾರದ ದುಡ್ಡು ಗಿಡ್ಡ ಚಾಪೆ ಹೊದ್ಕೊಂಡ ಹಾಗೆ. ತಲೆಗೆ ಎಳ್ಕೊಂಡ್ರೆ ಕಾಲಿಗೆ ಬರಲ್ಲ," ಎಂದಿದ್ದಿರಿ. ಅವತ್ತು ಎಲ್ಲರೂ ತಲೆಗೇ ಎಳೆಯಿರಿ ಎಂದೆವು. ಈಗ ಕಾಲು ಹೊರಗಿದೆ.

ನಾನು ನಿಮ್ಮ ಮನೆ ಯಾಕೆ ಬಿಟ್ಟೆ ಎಂಬುದು ನಿಮಗೆ ಮರೆತಿರಲಿಕ್ಕಿಲ್ಲ. ನಮ್ಮ ಜನದಲ್ಲಿ ಒಬ್ಬರ ಎದುರು ಇನ್ನೊಬ್ಬರು ನಿಂತು "ಇದು ಬುಬುಟಿ" ಎಂದು ಏನಾದರೂ ಕೇಳಿದರೆ ಮುಗಿಯಿತು, ಕೊಡಲೇಬೇಕು. ಇಲ್ಲ ಎಂದವನ ಮಕ್ಕಳೂ ತಲೆ ತಗ್ಗಿಸಿಕೊಂಡು ಓಡಾಡಬೇಕು. ಎಲ್ಲರೂ ಹೀಗೇ ಬದುಕುತ್ತೇವೆ, ಈವತ್ತು ಕೊಟ್ಟವರು ನಾಳೆ ಕೇಳುತ್ತಾರೆ. ಆದರೆ ಸಂಬಳದವನ ಮನೆ ಎಂದರೆ ಕೇಳುವವರಿಗೆ ನಾಚಿಕೆ ಅನ್ನುವುದು ಎಲ್ಲಿಗೆ ಹೋಗುತ್ತದೋ! ನಿಮ್ಮ ಚಿಕ್ಕಪ್ಪನ ಮಗನಿಗೆ ಸೈಕಲ್ಲು. ಅವನ ಭಾವಮೈದುನನಿಗೆ ನಮ್ಮ ರೇಡಿಯೊ. ಗುರುತೇ ಇಲ್ಲದವನೊಬ್ಬನಿಗೆ ನೀವು ಮೈಮೇಲೆ ಹಾಕಿಕೊಂಡಿದ್ದ ಅಂಗಿ ಬಿಚ್ಚಿ ಕೊಟ್ಟು ಬರಿಮೈಯಲ್ಲಿ ಮನೆಗೆ ಬಂದಿರಿ. ನಾನು ಕೂಗಾಡಿದರೆ, "ಕೇಳಿದ್ನಲ್ಲೇ, ಏನ್ ಮಾಡ್ಲಿ?" ಎನ್ನುತ್ತಿದ್ದಿರಿ. ಕೊನೆಗೆ ನಾವಿಬ್ಬರು ಮಲಗುವ ಮೂಲೆಯನ್ನೂ ಯಾರೋ ಕೇಳಿದರು, ಅದನ್ನೂ ಕೊಟ್ಟಿರಿ. ಅವತ್ತೇ ನಾನು ಹಡಗು ಹತ್ತಿದೆ.

ಅಂಥ ಮನುಷ್ಯ ಸರ್ಕಾರದ ಹಣಕಾಸಿನ ಕಚೇರಿಯಲ್ಲಿ "ಇಲ್ಲ" ಎನ್ನುವುದರಲ್ಲೇ ದೊಡ್ಡ ಹುದ್ದೆಗೆ ಹೋದದ್ದು ನನಗೆ ಇವತ್ತಿಗೂ ನಗು ತರಿಸುತ್ತದೆ. ದುಡ್ಡು ಕೇಳಿ ಯಾರು ಬಂದರೂ ಬರಿಗೈಯಲ್ಲಿ ಕಳಿಸುತ್ತೀರೆಂದು ಅಲ್ಲಿ ನಿಮಗೆ "ಇಲ್ಲ ಸಾಹೇಬ" ಎಂದು ಹೆಸರಿಟ್ಟಿದ್ದಾರಂತಲ್ಲ. ಅದು ಹೇಗೆ ಸಾಧ್ಯ ಎಂದು ಒಮ್ಮೆ ಕೇಳಿದ್ದೆ. "ಅವ್ರು ಕಾಗದದಲ್ಲಿ ಕೇಳ್ತಾರೆ ಕಿನಾಯ್. ಕಾಗದಕ್ಕೆ ಇಲ್ಲ ಅನ್ಬಹುದು. ಮುಖ ನೋಡಿ ಅನ್ನೋಕಾಗಲ್ಲ," ಎಂದಿರಿ. ಆಗ ಅದು ತಪ್ಪಿಸಿಕೊಳ್ಳುವ ಮಾತೆಂದು ಬೈದಿದ್ದೆ.

ಒಂಬತ್ತು ವರ್ಷ ನೀವು ಯಾಕೆ ಬರಲಿಲ್ಲ ಎಂದು ಜನ ಕೇಳುತ್ತಿದ್ದರು. "ನೀನೇ ಹೋಗಿ ಕರ್ಕೊಂಡ್ ಬಾರೇ," ಎಂದು ನನ್ನ ಅಕ್ಕ ಸಾಯುವವರೆಗೂ ಹೇಳುತ್ತಿದ್ದಳು. ನಾನು ಕರೆಯಲಿಲ್ಲ. ಕರೆದಿದ್ದರೆ ನೀವು ಬರುತ್ತಿದ್ದಿರಿ, ಅದೇ ನನ್ನ ತೊಂದರೆ. ಸೈಕಲ್ಲು ಕೊಟ್ಟ ಹಾಗೆ, ಅಂಗಿ ಕೊಟ್ಟ ಹಾಗೆ ನಿಮ್ಮನ್ನೂ ಕೊಟ್ಟುಬಿಡುತ್ತಿದ್ದಿರಿ. ಹಾಗೆ ಬಂದ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವನಿಗೆ ನಾನು ಬೇಕಾಗಿದ್ದೇನೋ ಇಲ್ಲವೋ ಎಂದು ದಿನಾ ಯೋಚಿಸುತ್ತ ಮುದುಕಿಯಾಗುವುದು ನನಗೆ ಬೇಕಿರಲಿಲ್ಲ. ನೀವಾಗಿ ಬರಲಿ ಎಂದು ಕಾದೆ.

ಜೂನಿನಲ್ಲಿ ಬಂದಿರಿ. ಸರ್ಕಾರದ ಕೆಲಸಕ್ಕೆ, ನಾಲ್ಕು ಜನ ಅಧಿಕಾರಿಗಳ ಜೊತೆ, ನಮಗೆಲ್ಲ ಇಲ್ಲ ಎಂದು ಹೇಳುವುದಕ್ಕೆ. ನಿಮ್ಮ ಮರದ ಪೆಟ್ಟಿಗೆಯನ್ನು ದೋಣಿಯಿಂದ ಇಳಿಸಲು ಇಬ್ಬರು ಬೇಕಾಯಿತು. ಮೂರು ದಿನಕ್ಕೆ ಬಂದವರಿಗೆ ಅಷ್ಟು ದೊಡ್ಡ ಪೆಟ್ಟಿಗೆ ಯಾಕೋ, ಕಚೇರಿಯ ಕಾಗದಗಳಿರಬೇಕು ಎಂದುಕೊಂಡೆ.

ಸಭೆಯ ದಿನ ಹೊತ್ತು ಮೂಡುವ ಮೊದಲೇ ಟೆಕೈಯ ಅಜ್ಜ ಬಂದು ನನ್ನ ಜಗುಲಿಯಲ್ಲಿ ಕೂತಿದ್ದರು. "ಬೆಲೆ ಇಳಿಸೋಕೆ ಬಂದಿದ್ದಾನೆ. ನಾವ್ ಕೇಳಿದ್ರೆ ಅವ್ನು ಸರ್ಕಾರ ಆಗ್ತಾನೆ. ನೀನ್ ಕೇಳಿದ್ರೆ ಗಂಡ ಆಗ್ಲೇಬೇಕು," ಎಂದರು. ನಾನು ಆಗುವುದಿಲ್ಲ ಎಂದೆ. ಅವರು ಎದ್ದು ನಿಂತು, "ಹಾಗಿದ್ರೆ ಇದು ಬುಬುಟಿ," ಎಂದುಬಿಟ್ಟರು. ನಾನು ಆಯಿತು ಎಂದೆ.

ಸಭಾಮನೆಯಲ್ಲಿ ನೀವು ಚೆನ್ನಾಗಿ ಮಾತಾಡಿದಿರಿ. ಕೊಬ್ಬರಿಗೆ ಹೊರದೇಶದವನು ಕೊಡುವುದು ಇಷ್ಟೇ, ನಿಮಗೆ ನಾವು ಕೊಡುತ್ತಿರುವುದು ಅದಕ್ಕಿಂತ ಜಾಸ್ತಿ, ನಡುವಿನದನ್ನು ಪರದೇಶದ ಮೀನು ಹಡಗುಗಳು ಕಟ್ಟುವ ಶುಲ್ಕದಿಂದ ತುಂಬುತ್ತಿದ್ದೆವು, ಈ ವರ್ಷ ಮೀನು ನಮ್ಮ ಸಮುದ್ರ ಬಿಟ್ಟು ಪಕ್ಕದವರ ಸಮುದ್ರಕ್ಕೆ ಹೋಗಿದೆ ಎಂದಿರಿ. "ಯಾಕ್ ಹೋಯ್ತು? ಅದಕ್ಕೂ ನೀನು ಇಲ್ಲ ಅಂದ್ಯಾ?" ಎಂದು ಮುದುಕರೊಬ್ಬರು ಕೇಳಿದ್ದಕ್ಕೆ ಸಭೆ ಹೊರಳಾಡಿ ನಕ್ಕಿತು. ನೀವೂ ನಕ್ಕಿರಿ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಎದ್ದು ನಿಂತೆ. ನಿಮ್ಮ ಮುಖದ ನಗು ಆಗ ಬೇರೆಯಾಯಿತು, ಮದುವೆಯ ಹೊಸತರಲ್ಲಿ ಇದ್ದ ಹಾಗೆ. ನಾನು ಏನು ಕೇಳುತ್ತೇನೆಂದು ನೀವು ಕಾಯುತ್ತಿದ್ದಿರಿ ಎಂಬುದು ಒಂದು ಕ್ಷಣ ನನಗೆ ಸ್ಪಷ್ಟವಾಗಿ ಕಂಡಿತು. ಆದರೆ ಸುತ್ತ ಇಡೀ ಊರು ಕೂತಿತ್ತು. ಕೊಬ್ಬರಿಯ ಬೆಲೆ ಇಳಿಸಬೇಡಿ, ಇದು ಬುಬುಟಿ ಎಂದೆ. ನಿಮ್ಮ ನಗು ಆರಿಹೋಯಿತು. "ಆಯ್ತು," ಎಂದಿರಿ. ಪಕ್ಕದಲ್ಲಿದ್ದ ಕಿರಿಯ ಅಧಿಕಾರಿಗೆ ಕುಡಿಯುತ್ತಿದ್ದ ಎಳನೀರು ನೆತ್ತಿಗೇರಿತು. ಜನ ಚಪ್ಪಾಳೆ ತಟ್ಟಿ ಕುಣಿದರು.

ಮಾರನೆಯ ದಿನವೇ ನೀವು ಹೊರಟಿರಿ. ಕೊಟ್ಟ ಮಾತು ನಡೆಸಬೇಕಾದರೆ ಇಡೀ ವರ್ಷದ ಲೆಕ್ಕ ತಿರುಗಿಸಿ ಬರೆಯಬೇಕು, ಅದನ್ನು ನೀವೇ ಕೂತು ಮಾಡಬೇಕು ಎಂದಿರಿ. ಪೆಟ್ಟಿಗೆಯನ್ನು ಅದೇ ಇಬ್ಬರು ಹೊತ್ತು ದೋಣಿಗೆ ಹಾಕಿದರು. "ಚಿಂತೆ ಮಾಡ್ಬೇಡ ಕಿನಾಯ್, ಬೆಲೆ ಇಳಿಯಲ್ಲ," ಎಂದು ನೀರಿನಲ್ಲಿ ನಿಂತು ಹೇಳಿದಿರಿ. ನಾನು ಬೆಲೆಯ ಚಿಂತೆ ಮಾಡುತ್ತಿರಲಿಲ್ಲ. ಆದರೆ ಅದನ್ನು ಹೇಳಲಿಲ್ಲ, ಕೈ ಬೀಸಿದೆ.

ಯಾರೂ ಯಾರಿಗೂ ಇಲ್ಲ ಎನ್ನದೆ ಹೋದದ್ದರಿಂದ ಇಷ್ಟೆಲ್ಲ ಆಯಿತು. ಅಜ್ಜನಿಗೆ ನಾನು ಇಲ್ಲ ಎನ್ನಲಿಲ್ಲ, ನನಗೆ ನೀವು ಇಲ್ಲ ಎನ್ನಲಿಲ್ಲ. ನಿಮ್ಮನ್ನು ಹೀಗೇ ಬಾಯಿಲ್ಲದವರು ಎಂದು ಬೈದು ಬಿಟ್ಟುಬಂದವಳು ನಾನು. ಕೊನೆಗೆ ಊರೆದುರು ನಿಮ್ಮ ಬಾಯಿ ಕಟ್ಟಿದವಳೂ ನಾನೇ.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಅವರಿಗೆ ಹಡಗು ಮೊದಲಿನ ಹಾಗೆ ಬರಬೇಕು, ಬೆಲೆಯೂ ಹೀಗೇ ಇರಬೇಕು. ತಿಳಿಸಿದ್ದೇನೆ. ಇದು ಅವರ ಆಸೆ, ನನ್ನ ಬುಬುಟಿ ಅಲ್ಲ. ನಾನು ಇದನ್ನೂ ಕೇಳಿದರೆ ಇನ್ಯಾವ ದ್ವೀಪದ ಆಸ್ಪತ್ರೆಯ ಔಷಧಿ ನಿಲ್ಲಿಸಿ ನಮಗೆ ಹಡಗು ಕಳಿಸುತ್ತೀರೋ ಎಂದು ಭಯವಾಗುತ್ತದೆ. ಕೇಳಿದವಳೇ ಬೇಡ ಎಂದರೆ ಬುಬುಟಿ ತೀರಿಹೋಗುತ್ತದೆ, ಅದು ನಿಮಗೂ ಗೊತ್ತು. ಜೂನಿನಲ್ಲಿ ಕೇಳಿದ್ದನ್ನು ನಾನು ವಾಪಸು ತೆಗೆದುಕೊಂಡಿದ್ದೇನೆ. ಬೆಲೆ ಇಳಿಸಿ, ಹಡಗು ಬಿಡಿ. ನೀವು ಅವತ್ತು ಹೇಳಲು ಬಂದದ್ದೂ ಅದನ್ನೇ ಅಲ್ಲವೇ? ಹಡಗು ಹೊರಟ ಮೇಲೆ ಸಭಾಮನೆಗೆ ಹೋಗಿ ನಾನೇ ಹೇಳುತ್ತೇನೆ. ಬೈಯುತ್ತಾರೆ. ಬೈಯಲಿ, ಎದುರು ಬೈಯುವುದು ನನಗೂ ಬರುತ್ತದೆ.

ನೀವು ಈಗ ಯಾರ ಮಾತಿಗೂ ಕಟ್ಟುಬಿದ್ದವರಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಂಗಿ ಕೇಳಿದರೆ ಹಳೆಯದನ್ನು ಕೊಡಿ.

ನಿಮ್ಮ,
ಕಿನಾಯ್

ಮರೆತ ಮಾತು: ಪೆಟ್ಟಿಗೆಯಲ್ಲಿ ಕಚೇರಿಯ ಕಾಗದ ಇರಲಿಲ್ಲ. ಮೇಲೆ ಸುಳ್ಳು ಬರೆದೆ. ಸಭೆಯ ದಿನ ಬೆಳಿಗ್ಗೆ ನೀವು ಇಳಿದುಕೊಂಡಿದ್ದ ಮನೆಗೆ ಮೀನು ಕೊಡಲು ಬಂದಾಗ ನೀವು ಬಾವಿಯ ಹತ್ತಿರ ಸ್ನಾನ ಮಾಡುತ್ತಿದ್ದಿರಿ, ಪೆಟ್ಟಿಗೆ ತೆರೆದಿತ್ತು. ನಿಮ್ಮ ಅಪ್ಪ ನೀರಾ ಇಳಿಸುತ್ತಿದ್ದ ಕತ್ತಿಯನ್ನು ಅತ್ತೆಯ ಹಳೆಯ ಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದಿರಿ. ಮೂರು ದಿನಕ್ಕೆ ಬಂದವರು ಆ ಕತ್ತಿ ತರುವುದಿಲ್ಲ. ಇಲ್ಲೇ ಉಳಿಯಲು ನೀವಾಗಿಯೇ ಬಂದಿದ್ದಿರಿ, ಅದು ಗೊತ್ತಿದ್ದೂ ನಾನು ಸಭೆಯಲ್ಲಿ ಎದ್ದು ನಿಂತು ಕೊಬ್ಬರಿಯ ಬೆಲೆ ಕೇಳಿದೆ.

ನನ್ನ ಮನೆಯ ಹಿಂದೆ ನಿಮಗೆಂದೇ ಬಿಟ್ಟಿರುವ ತೆಂಗಿನ ಮರದಲ್ಲಿ ನೀರಾ ಇಳಿಸುವ ಹಕ್ಕನ್ನು ಟೆಕೈಯ ಅಜ್ಜ ಕಳೆದ ವಾರ ತಮ್ಮ ಮೊಮ್ಮಗನಿಗೆಂದು ಕೇಳಿದರು, ಬುಬುಟಿ ಎಂದೇ. ಇಲ್ಲ ಎಂದೆ. ಅವರು ಕಿವಿ ಕೇಳಿಸದವರ ಹಾಗೆ ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಇಲ್ಲ ಎಂದೆ. ಊರಿನಲ್ಲಿ ಎರಡು ದಿನ ಅದೇ ಮಾತಾಯಿತು, ಆಮೇಲೆ ಎಲ್ಲರೂ ಮೀನಿಗೆ ಹೋದರು. ಇಲ್ಲ ಎಂದರೂ ಬದುಕಬಹುದು, ಬೌರೊ. ಆ ಧೈರ್ಯದ ಮೇಲೆ, ಇಲ್ಲ ಎನ್ನಬಹುದಾದ ಈ ಕಾಗದದಲ್ಲಿ ಕೇಳುತ್ತಿದ್ದೇನೆ: ಬರುತ್ತೀರಾ?